ಮುನ್ನಿ ಬೀ ಪಾಲಿನ ಸಿಪಾರಾ

ಬಸವಕಲ್ಯಾಣದಲ್ಲಿ ಜಹೀರುದ್ದೀನ್ ಉಸ್ತಾದರ ಕೈಕೆಳಗೆ ಕುರಾನು ಓದಲು ಕಲಿಯದ ಜೀವವೆಂದರೆ ಕೋಟೆಯ ಪಾರಿವಾಳಗಳು ಮಾತ್ರ. ಅವುಗಳಲ್ಲೂ ನಾಲ್ಕೈದು ಅರ್ಧ ಕಲಿತು ಹಾರಿಹೋಗಿದ್ದವು ಎಂದು ಊರವರು ಹೇಳುತ್ತಿದ್ದರು. ಉಸ್ತಾದರ ದನಿ ಎಂಥದೆಂದರೆ, ಪಡಸಾಲೆಯಲ್ಲಿ ಕೂತು ಅವರು 'ಅಲಿಫ್' ಎಂದರೆ ತ್ರಿಪುರಾಂತ ಕೆರೆಯ ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುವವನು 'ಬೇ' ಎನ್ನಬೇಕು. ಅವರ ಮುಂದೆ ಮಂಡಿಯೂರಿ ಕಲಿತವರ ಮಕ್ಕಳು ಬಂದು ಕಲಿತರು, ಈಗ ಮೊಮ್ಮಕ್ಕಳು ಬರತೊಡಗಿದ್ದರು. ಇಂಥ ಮನೆಯ ಅಡುಗೆಮನೆಯಲ್ಲಿ, ಆ ದನಿ ಪಾತ್ರೆಗಳನ್ನು ನಡುಗಿಸುವಷ್ಟು ಹತ್ತಿರದಲ್ಲಿ, ಒಂದು ಅಕ್ಷರವೂ ಬಾರದ ಹೆಂಗಸೊಬ್ಬಳಿದ್ದಳು. ಆಕೆ ಉಸ್ತಾದರ ಹೆಂಡತಿ ವಜೀರಬಿ.

ಮದುವೆಯಾದ ಹೊಸದರಲ್ಲಿ ಉಸ್ತಾದರು ಆಕೆಯನ್ನೂ ಎದುರಿಗೆ ಕೂಡಿಸಿಕೊಂಡಿದ್ದರು. ಮೂರನೆಯ ಅಕ್ಷರಕ್ಕೇ ಆಕೆ ಎಡವಿದಳು. ಉಸ್ತಾದರು ತಮ್ಮ ತಂಗಿಯರ ಕಡೆ ತಿರುಗಿ, "ಎಮ್ಮಿಗೆ ಇಷ್ಟು ಮೆಹನತ್ ಮಾಡಿದ್ದರ ಹಾಲರ ಕೊಡ್ತಿತ್ತು" ಎಂದರು. ತಂಗಿಯರು ನಕ್ಕರು. ಆ ನಗೆ ಹುಮನಾಬಾದಿನವರೆಗೂ ಕೇಳಿಸಿತೆಂದು ವಜೀರಬಿಗೆ ಇವತ್ತಿಗೂ ಅನುಮಾನ. ಮರುದಿನ ಆಕೆ ಒಲೆಯ ಮುಂದೆ ಕೂತವಳು ಮತ್ತೆ ಪಡಸಾಲೆಗೆ ಬರಲಿಲ್ಲ. ನಮಾಜಿಗೆ ಬೇಕಾದಷ್ಟನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು.

ಊರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? "ನಮ್ಮಾಕಿ ರಮಜಾನಿನಾಗ ಎರಡು ಸಲ ಕುರಾನು ಮುಗಸ್ತಾಳ" ಎಂದು ಉಸ್ತಾದರೇ ಚಹಾದಂಗಡಿಯಲ್ಲಿ ಸಾರಿದ್ದರು. ಆ ಎರಡು ಸಲ ಎಂಬುದು ವರ್ಷದಿಂದ ವರ್ಷಕ್ಕೆ ಬೆಳೆದು ಐದಾಗಿತ್ತು.

ಹೀಗಾಗಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆ ಬರುತ್ತಿದ್ದುದು ವಜೀರಬಿಗೆ. ಸತ್ತವರ ಹೆಸರಿನಲ್ಲಿ ಹೆಂಗಸರು ಕೂಡಿ ಕುರಾನು ಓದಬೇಕು. ಅದರ ಮೂವತ್ತು ಭಾಗ, ಅಂದರೆ ಮೂವತ್ತು ಸಿಪಾರಾ, ಒಬ್ಬೊಬ್ಬರಿಗೆ ಒಂದೊಂದು ಹಂಚುತ್ತಾರೆ. ಎಲ್ಲರೂ ತಮ್ಮ ಪಾಲಿನದು ಓದಿದರೆ ಪೂರ್ತಿ ಕುರಾನಿನ ಪುಣ್ಯ ಸತ್ತವರಿಗೆ ಮುಟ್ಟುತ್ತದೆ. ವಜೀರಬಿಯೂ ಒಂದು ಸಿಪಾರಾ ತಗೊಳ್ಳುತ್ತಿದ್ದಳು. ಸೆರಗು ಹಣೆಯವರೆಗೆ ಎಳೆದುಕೊಂಡು, ಬೆರಳನ್ನು ಬಲದಿಂದ ಎಡಕ್ಕೆ ಸರಿಸುತ್ತ, ಬಾಯಿಗೆ ಬರುವ ಅಲ್‌ಹಮ್ದು ಎಂಬ ಮೊದಲ ಸೂರಾ, ಅಂದರೆ ಅಧ್ಯಾಯ, ಒಂದನ್ನೇ ಮೊದಲಿನಿಂದ ಕಡೆಯವರೆಗೆ ಮತ್ತೆ ಮತ್ತೆ ಹೇಳುತ್ತಿದ್ದಳು. ಪಕ್ಕದವರು ಹಾಳೆ ಮಗುಚಿದರೆ ತಾನೂ ಮಗುಚುತ್ತಿದ್ದಳು. ಹೀಗೆ ಬಸವಕಲ್ಯಾಣದ ಅರ್ಧ ಕಬರಸ್ತಾನ ಒಂದು ಸಿಪಾರಾ ಕಡಿಮೆಯಾಗಿಯೇ ಸ್ವರ್ಗದ ಬಾಗಿಲು ತಟ್ಟಿತು.

ಗಂಡನ ಮನೆಯವರನ್ನು ಬಿಟ್ಟರೆ ಈ ಗುಟ್ಟು ಒಬ್ಬಳಿಗೆ ಮಾತ್ರ ಗೊತ್ತಿತ್ತು, ಹುಮನಾಬಾದಿನ ಅಕ್ಕ ಮುನ್ನಿ ಬೀಗೆ. ಅವ್ವ ಸತ್ತ ಮೇಲೆ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು. ಅಕ್ಕತಂಗಿ ಕೂಡಿದ ಕಡೆಗಳಲ್ಲಿ ಮುನ್ನಿ ಬೀ ಯಾವಾಗಲೂ ತಂಗಿಯ ಮಗ್ಗುಲಲ್ಲೇ ಕೂಡುತ್ತಿದ್ದಳು. ತನ್ನದು ಮುಗಿದ ಮೇಲೆ, "ಕೊಡು ಇಲ್ಲಿ, ಕನ್ನಡಕ ತಂದಿಲ್ಲಲ್ಲ ನೀನು" ಎಂದು ತಂಗಿಯ ಕೈಯಲ್ಲಿರುವುದನ್ನೂ ತಗೊಂಡು ಓದಿಬಿಡುತ್ತಿದ್ದಳು. ವಜೀರಬಿಗೆ ಆಗ ಕನ್ನಡಕವೇ ಇರಲಿಲ್ಲ.

ಆ ಮುನ್ನಿ ಬೀ ಸತ್ತಳು.

ಮೂರನೆಯ ದಿನ ಹುಮನಾಬಾದಿನಲ್ಲಿ ಸಿಪಾರಾ ಹಂಚಿದಾಗ ವಜೀರಬಿಯ ಮಗ್ಗುಲಲ್ಲಿ ಕೂತವಳು ಸೊಸೆ ಸಿಮ್ರಾನ್. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹುಮನಾಬಾದಿನದೇ ಹುಡುಗಿ, ಅಲ್ಲಿಯ ಹೆಣ್ಣುಮಕ್ಕಳ ಮದರಸಾದಲ್ಲಿ ಕಲಿತು ಬಂದವಳು. ಅಲ್ಲಿ ಕೊಟ್ಟ ಸನದು, ಅಂದರೆ ಪ್ರಮಾಣಪತ್ರವನ್ನು, ಚೌಕಟ್ಟು ಹಾಕಿಸಿ ಮಲಗುವ ಕೋಣೆಯಲ್ಲಿ ತೂಗುಹಾಕಿದ್ದಳು. ಆ ಚೌಕಟ್ಟಿನ ಮುಂದೆ ಮದುವೆಯ ಫೋಟೋ ಅಂಚೆಚೀಟಿಯಂತೆ ಕಾಣುತ್ತಿತ್ತು. ಆಕೆಯ ಕಿವಿಗೆ ಅತ್ತೆಯ ಕಡೆಯಿಂದ ಅಲ್‌ಹಮ್ದು ಗಾಣದ ಎತ್ತಿನಂತೆ ಸುತ್ತು ಹಾಕುವುದು ಕೇಳಿಸಿತು. ಬಸ್ಸಿನಲ್ಲಿ ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅಮ್ಮಿ, ನಿಮಗ ಓದಾಕ ಬರಂಗಿಲ್ಲೇನ್ರಿ?"

ವಜೀರಬಿ ಕಿಟಕಿಯ ಹೊರಗೆ ನೋಡಿದಳು. ತೊಗರಿ ಹೊಲಗಳು ಹಿಂದೆ ಓಡುತ್ತಿದ್ದವು.

"ನಿಮ್ಮ ಮಾವಗ ಹೇಳಬ್ಯಾಡ," ಎಂದಳು.

"ಅಬ್ಬಾಗ ಗೊತ್ತಿಲ್ಲೇನು?"

"ಗೊತ್ತದ. ನಿನಗ ಗೊತ್ತಾತಂತ ಹೇಳಬ್ಯಾಡ." ವಜೀರಬಿ ಸೊಸೆಯ ಕಡೆ ತಿರುಗಿದಳು. "ಎಲ್ಲಾರ ಪಾಲಿಂದು ಅಕ್ಕ ಓದಿದಳು. ಆಕಿ ಪಾಲಿಂದು ನಾ ಓದಲಿಲ್ಲ. ನಲವತ್ತರ ದಿನ ಮತ್ತ ಹಂಚತಾರ ಸಿಮ್ರಾನ್. ಒಂದ ಒಂದು ಸಿಪಾರಾ. ಅಷ್ಟು ಕಲಸ್ತೀ ಏನು?"

ಸಿಮ್ರಾನ್ ಅತ್ತೆಯ ಕೈ ಹಿಡಿದಳು. "ಕಡೀ ಸಿಪಾರಾ ಕಲಿಯೋಣ್ರಿ. ಅದರಾಗ ಅರ್ಧ ಸೂರಾ ನಿಮಗ ಬಾಯಾಗ ಅದಾವ. ತಡವರಿಸಿ ಓದೋರಿಗಿ ಎರಡು ಪಟ್ಟು ಸವಾಬು, ಪುಣ್ಯ, ಅಂತ ಪೈಗಂಬರರ ಹದೀಸಿನಾಗ ಅದ. ನನ್ಕಿಂತ ನಿಮಗ ಜಾಸ್ತಿ ಸಿಗತದ, ನೋಡ್ರಿ."

ವಜೀರಬಿ ನಕ್ಕಳು. ಅಕ್ಕ ಸತ್ತ ಮೇಲೆ ಆಕೆ ನಕ್ಕಿದ್ದು ಆವಾಗಲೇ.

ಮರುದಿನದಿಂದ ಅಡುಗೆಮನೆ ಸಾಲೆಯಾಯಿತು. ಪಡಸಾಲೆಯಲ್ಲಿ ಉಸ್ತಾದರ ಗರ್ಜನೆ ಶುರುವಾದ ಕೂಡಲೇ ಸಿಮ್ರಾನ್ ಪರಾತದಲ್ಲಿ ಜೋಳದ ಹಿಟ್ಟು ಹರವಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದಳು. ಪಡಸಾಲೆಯ ಗದ್ದಲದಲ್ಲಿ ಒಲೆಯ ಮುಂದಿನ ಪಿಸುಮಾತು ಕೇಳಿಸುವುದು ಸಾಧ್ಯವೇ ಇರಲಿಲ್ಲ. ಪಾಠ ಮುಗಿದ ಮೇಲೆ ಅದೇ ಹಿಟ್ಟು ನಾದಬೇಕಲ್ಲ, ವಜೀರಬಿಯ ಕೈ ಹಿಂಜರಿಯಿತು.

"ಅಲ್ಲಾಹನ ಅಕ್ಷರ ನಾದಿ ತಟ್ಟಿದರ ಗುನಾಹ ಅಲ್ಲೇನಬೇ?"

"ಬಿಡಿ ಅಕ್ಷರ ಅವು, ಅಮ್ಮಿ. ಹೊಟ್ಟ್ಯಾಗ ಹೋದರ ಛಲೋನ ಆತಲ್ಲ. ಅಬ್ಬಾನೂ ನಿಮ್ಮ ಪಾಠ ತಿಂದಂಗಾತದ."

ಅತ್ತೆಸೊಸೆ ಬಾಯಿಗೆ ಸೆರಗು ಒತ್ತಿಕೊಂಡರು. ಅಂದು ಉಸ್ತಾದರು ರೊಟ್ಟಿ ಬಾಯಿಗಿಟ್ಟು, "ಇವತ್ತ ರೊಟ್ಟಿ ಭಾಳ ಮೆತ್ತಗ ಅದ" ಎಂದಾಗ ಇಬ್ಬರೂ ಒಳಗೆ ಎದ್ದುಹೋಗಬೇಕಾಯಿತು.

ಕಲಿಕೆ ಬಸವನಹುಳದ ನಡಿಗೆಯಲ್ಲಿ ಸಾಗಿತು. ಇವತ್ತು ಬಂದ ಅಕ್ಷರ ನಾಳೆ ಬೇಳೆಯ ಹಬೆಯೊಂದಿಗೆ ಹೋಗುತ್ತಿತ್ತು. ಸಿಮ್ರಾನ್ ಮತ್ತೆ ಬರೆಯುತ್ತಿದ್ದಳು, "ಅವಸರ ಇಲ್ರಿ ಅಮ್ಮಿ" ಎನ್ನುತ್ತಿದ್ದಳು. ಎರಡು ವಾರಕ್ಕೆ ಹಿಟ್ಟು ಬಿಟ್ಟು ಕಾಯಿದಾ ಎಂಬ ಅಕ್ಷರಮಾಲೆಯ ಪುಸ್ತಕಕ್ಕೆ ಬಂದರು. ಅದರ ಮರುವಾರ ಸಿಪಾರಾದ ಮೊದಲ ಸಾಲಿಗೆ. 'ಅಮ್ಮ ಯತಸಾಅಲೂನ್' ಎಂಬಷ್ಟನ್ನು ವಜೀರಬಿ ಯಾರೂ ಹೇಳಿಕೊಡದೆ ತಾನೇ ಕೂಡಿಸಿ ಓದಿದ ದಿನ ಬೇಳೆ ಸೀದುಹೋಯಿತು. ಇಬ್ಬರಿಗೂ ವಾಸನೆ ಬರಲಿಲ್ಲ.

"ಹಂಗಂದ್ರೇನಬೇ?"

"ಇವರು ಒಬ್ಬರನ್ನೊಬ್ಬರು ಏನು ವಿಚಾರಸಾಕತ್ತಾರ, ಅಂತ್ರಿ."

"ಹಂಗಾರ ನಮ್ಮ ಓಣಿ ಹೆಂಗಸರ ಸುದ್ದಿ ಬರದದ ಇದರಾಗ," ಎಂದಳು ವಜೀರಬಿ.

ಆ ಶುಕ್ರವಾರ ಉಸ್ತಾದರು ಮಕ್ಕಳಿಗೆ ಮೂಸಾ ಪೈಗಂಬರರ ಕಥೆ ಹೇಳುತ್ತಿದ್ದರು. ಈ ಕಥೆಯನ್ನು ಅವರಂತೆ ಹೇಳುವವರು ದಿಲ್ಲಿಯಿಂದ ಹೈದರಾಬಾದಿನವರೆಗೆ ಇರಲಿಲ್ಲ. "ಲೋಕದಾಗ ಎಲ್ಲಾರ್ಕಿಂತ ಜಾಸ್ತಿ ಬಲ್ಲವರು ಯಾರು ಅಂತ ಕೇಳಿದರ, ನಾನs ಅಂದುಬಿಟ್ರು ಮೂಸಾ. ಅಲ್ಲಾಹಗ ಈ ಮಾತು ಸೇರಲಿಲ್ಲ. ನಿನಗ ಬರದೇ ಇದ್ದದ್ದು ಬಲ್ಲವ ಒಬ್ಬ ಇದ್ದಾನ, ಹೋಗಿ ಅವನ ಹಂತ್ಯಾಕ ಕಲಿ ಅಂದ. ಅಂಥಾ ಪೈಗಂಬರರು, ಬುತ್ತಿ ಕಟಗೊಂಡು, ಎರಡು ಸಮುದ್ರ ಕೂಡೋ ತನಕ ನಡದರು. ಆ ಬಲ್ಲವರು ಖಿಜ್ರ್, ಅವರ ಮುಂದ ನಿಂತು, ನಿಮ್ಮ ಬೆನ್ನ ಹಿಂದ ಬರ್ಲೇನ್ರಿ, ಕಲಸ್ತೀರೇನು ಅಂತ ಬೇಡಕೊಂಡರು." ಇಲ್ಲಿಗೆ ಬರುವಾಗ ಉಸ್ತಾದರ ಕಣ್ಣಲ್ಲಿ ಪ್ರತಿಸಲ ಕೊಡದಷ್ಟು ನೀರು ಬರುತ್ತಿತ್ತು. "ಕಲಿಯೋನು ತಲಿ ಬಗ್ಗಸ್ಬೇಕು. ಕಲಸೋನು ಇನ್ನೂ ಬಗ್ಗಸ್ಬೇಕು. ಹಣ್ಣು ಇದ್ದ ಟೊಂಗಿನs ಬಗ್ಗತದ."

ಕಥೆ ಮುಗಿಸಿ, ಕಣ್ಣೊರೆಸಿಕೊಳ್ಳುತ್ತ ನೀರು ಕುಡಿಯಲು ಅವರು ಒಳಗೆ ಬಂದರು. ಹೆಂಡತಿ ಓದುತ್ತಿದ್ದಳು. ಬೆರಳು ಸಾಲಿನ ಮೇಲಿತ್ತು, ಸೊಸೆ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದಳು.

ಉಸ್ತಾದರು ನೀರು ಕುಡಿಯಲಿಲ್ಲ. ತಂಬಿಗೆ ಇಟ್ಟ ಸದ್ದಿಗೆ ಕೋಟೆಯ ಗೋಡೆ ಬಿರುಕು ಬಿಟ್ಟಿರಬೇಕು.

"ಎಷ್ಟು ದಿನದಿಂದ ನಡದದ ಇದು?"

"ಅಕ್ಕ ಹೋದಾಗಿಂದ್ರಿ," ಎಂದಳು ವಜೀರಬಿ.

"ಈ ಮನ್ಯಾಗ ಉಸ್ತಾದ ಯಾರು?"

ವಜೀರಬಿ ಬೆರಳನ್ನು ಸಾಲಿನ ಮೇಲೇ ಇಟ್ಟುಕೊಂಡಳು.

"ಕಲಿಯೋದಿತ್ತಂದ್ರ ನನಗ ಹೇಳಬೇಕಿತ್ತು."

"ನಿಮ್ಮ ಮುಂದ ಕೂತಿದ್ದೆನಲ್ರಿ. ಮದುವಿ ಆದ ಹೊಸದರಾಗ."

"ಆವಾಗ ನಾ ಹುಡುಗ ಇದ್ದೆ."

"ನಾನೂ ಹುಡುಗೀನ ಇದ್ದೆ."

ಉಸ್ತಾದರು ಸೊಸೆಯ ಕಡೆ ತಿರುಗಿದರು. "ಊರಿಗೆಲ್ಲಾ ಕಲಸೋ ಉಸ್ತಾದನ ಹೆಂಡ್ತಿ ನಿನ್ನೆ ಬಂದ ಸೊಸಿ ಮುಂದ ಅಲಿಫ್ ಬೇ ಓದತಾಳಂತ ಹೊರಗ ಗೊತ್ತಾದರ ನನ್ನ ದಾಡಿಗಿ ಏನು ಮರ್ಯಾದಿ ಉಳೀತದ?"

"ಓದೋದು ಬ್ಯಾರೇವ್ರ ಮುಂದ ಅಲ್ರಿ ಅಬ್ಬಾ, ಮನ್ಯಾಗ," ಎಂದಳು ಸಿಮ್ರಾನ್. "ಈಗ ನೀವೇ ಹೇಳಿದ್ರಿ, ಪೈಗಂಬರರೇ ನಡಕೊಂಡು ಹೋಗಿ ಕಲಿತರು ಅಂತ."

"ಅದು ಮೂಸಾರ ಮಾತು. ನೀ ಏನು ಖಿಜ್ರ್ ಇದ್ದಿ?"

"ಖಿಜ್ರ್ ಅಲ್ರಿ. ಆದರ ಸನದು ಅದ ನನ್ನ ಹಂತ್ಯಾಕ."

ಈ ಮಾತು ಆಡಬಾರದಿತ್ತು. ಉಸ್ತಾದರು ಯಾರಿಂದ ಕಲಿತರು, ಅವರು ಯಾರಿಂದ, ಅವರ ಗುರುವಿನ ಗುರು ನಿಜಾಮರ ಅರಮನೆಯಲ್ಲಿ ಹೇಗೆ ಓದುತ್ತಿದ್ದರು ಎಂಬ ವಂಶಾವಳಿ ಅಲ್ಲೇ ಶುರುವಾಗಿ ಮಧ್ಯಾಹ್ನದ ನಮಾಜಿನವರೆಗೆ ನಡೆಯಿತು. ಕಡೆಗೆ ತೀರ್ಮಾನ ಬಂತು. "ನಾಳೆಯಿಂದ ಮುಂಜಾನಿ ಪಾಠ ನನ್ನ ಮುಂದ."

"ಮಧ್ಯಾನ್ನ ನನ್ನ ಮುಂದ," ಎಂದಳು ಸಿಮ್ರಾನ್. "ಅಮ್ಮಿ ನನಗ ಕೇಳ್ಯಾರ, ನಿಮಗಲ್ಲ."

ಅಂದಿನಿಂದ ಆ ಮನೆಯಲ್ಲಿ ಎರಡು ದೇಶಗಳಾದವು. ಸೊಸೆ ಮಾಡಿದ ರೊಟ್ಟಿ ಮಾವ ಮುಟ್ಟಲಿಲ್ಲ. "ಹಂಗಾರ ಅಬ್ಬಾಗ ಚಹಾನೂ ನೀವs ಮಾಡ್ರಿ" ಎಂದು ಸೊಸೆ ಅತ್ತೆಗೆ ಒಲೆಯ ಒಂದು ಬರ್ನರ್ ಬಿಟ್ಟುಕೊಟ್ಟಳು. ವಜೀರಬಿ ಗಂಡನಿಗೊಮ್ಮೆ ಬೇಳೆ ಕುದಿಸಿ, ಸೊಸೆ ಇಟ್ಟ ಪುಂಡಿಪಲ್ಯ ಮಗನಿಗೆ ಬಡಿಸಿ, ನಡುವೆ ಎರಡೂ ಪಾಠ ಒಪ್ಪಿಸಬೇಕಾಯಿತು.

ಮಗ ಅಜೀಮ್ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಕಾರ್ಖಾನೆಗೆ ಹೋಗಿಬರುವವನು. ಅವನ ಅಂಗಿಯ ವಾಸನೆಗೇ ಓಣಿಯವರ ನೆಗಡಿ ವಾಸಿಯಾಗುತ್ತಿತ್ತು, ಅವನ ಮನೆಯ ಜಗಳ ಮಾತ್ರ ಆಗಲಿಲ್ಲ. ತಟ್ಟೆಯ ಮುಂದೆ ಕೂತು ಅವನು ಎರಡೂ ಕಡೆ ನೋಡಿದ.

"ಅಬ್ಬಾ, ಆಕಿ ಕಲಸಿದರೇನು, ನೀವು ಕಲಸಿದರೇನು. ಅಮ್ಮಿಗಿ ಬಂದರ ಸಾಕಲ್ಲ."

"ನಿನಗ ತಿಳಿಯಂಗಿಲ್ಲ. ಉಣ್ಣು."

"ನೀವು ನಿಮ್ಮ ಅಬ್ಬಾನ ಕಡೇನೋ ನನ್ನ ಕಡೇನೋ ಅಂತ ಆಕಿ ಕೇಳತಾಳ. ನೀ ಯಾರ ಮಗ ಅಂತ ನೀವು ಕೇಳ್ತೀರಿ. ನಾ ಹೆದ್ದಾರಿ ಧಾಬಾದಾಗ ಊಟ ಹಚ್ಚಕೋತೀನಿ, ಅಲ್ಲಿ ಯಾರೂ ಏನೂ ಕೇಳಂಗಿಲ್ಲ."

ಮೂರು ದಿನ ಅವನು ಧಾಬಾದಲ್ಲೇ ಉಂಡ. ವಜೀರಬಿ ಅವನ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಟ್ಟು ಕಾದಳು.

ಪಾಠಗಳ ಗತಿ ಹೇಗಿತ್ತೆಂದರೆ, ಉಸ್ತಾದರದು ಹಳೆಯ ರೀತಿ: ಪ್ರತಿ ಅಕ್ಷರ ಬಿಡಿಸಿ, ಹೆಸರು ಹೇಳಿ, ಕೂಡಿಸಿ, ಆಮೇಲೆ ಶಬ್ದ. ಸಿಮ್ರಾನಳದು ಹೊಸ ರೀತಿ: ಬಿಡಿಸುವ ಗೋಜಿಲ್ಲ, ನೋಡಿದ ಕೂಡಲೇ ಶಬ್ದ. ವಜೀರಬಿ ಮುಂಜಾನೆ ನೇರ ಓದಿದರೆ, "ಯಾರು ಕಲಿಸಿದರು ಹಿಂಗ? ಬಿಡಿಸು" ಎಂದು ಉಸ್ತಾದರು ತಡೆಯುವರು. ಮಧ್ಯಾಹ್ನ ಬಿಡಿಸಿದರೆ ಸಿಮ್ರಾನ್ ಪುಸ್ತಕ ಮುಚ್ಚುವಳು.

"ಮತ್ತ ಅದs ಮಾಡಾಕತ್ತೀರಿ. ಅಬ್ಬಾನ ಪಾಠ ಅಬ್ಬಾಗ ಒಪ್ಪಸ್ರಿ."

"ಒಮ್ಮೆ ತಪ್ಪಿತಬೇ."

"ಒಮ್ಮೆ ಅಲ್ರಿ, ದಿನಾ. ಎಷ್ಟು ಸಲ ಹೇಳಬೇಕ್ರಿ ನಿಮಗ? ನಲವತ್ತರ ದಿನ ತಡವರಿಸಿದರಿ ಅಂದ್ರ ಅಬ್ಬಾನ ಮುಂದ ನಾ ಮುಖ ಹ್ಯಾಂಗ ತೋರಸ್ಲಿ?"

ವಜೀರಬಿ ಸೊಸೆಯ ಮುಖ ನೋಡಿದಳು. "ತಡವರಿಸಿದರ ಎರಡು ಪಟ್ಟು ಅಂದಿದ್ದಿ," ಎಂದಳು.

"ಅದು ಶುರುವಿಗ್ರಿ," ಎಂದಳು ಸಿಮ್ರಾನ್.

ಮುಂಜಾನೆಯ ಕಡೆ ಇದಕ್ಕಿಂತ ಮೇಲಾಗಿರಲಿಲ್ಲ. ಒಂದು ದಿನ ಒಂದೇ ಶಬ್ದಕ್ಕೆ ಆಕೆ ನಾಲ್ಕು ಸಲ ನಿಂತಳು. ಉಸ್ತಾದರ ಕೈಯಲ್ಲಿ ಮಕ್ಕಳಿಗಾಗಿ ಇಟ್ಟುಕೊಂಡ ಬೆತ್ತದ ತುಂಡಿತ್ತು. ಅದು ತನ್ನ ರೂಢಿಯಂತೆ ಮೇಲೆದ್ದು ಅರವತ್ತರ ಹೆಂಗಸಿನ ಬೆರಳ ಗೆಣ್ಣಿನ ಮೇಲೆ ಬಿತ್ತು. ಜೋರೇನೂ ಅಲ್ಲ. ಅಂಗಳದಲ್ಲಿ ಸರದಿ ಕಾಯುತ್ತಿದ್ದ ಮಕ್ಕಳು ಕಿಸಕ್ಕೆಂದವು. ವಜೀರಬಿ ಕೈ ಹಿಂದೆ ತಗೊಳ್ಳಲಿಲ್ಲ. ಆ ಶಬ್ದ ಬಿಡಿಸಿ, ಕೂಡಿಸಿ, ಓದಿ ತೋರಿಸಿ ಎದ್ದಳು. ಅದೇ ಕೈಯಿಂದ ಅವರಿಗೆ ರೊಟ್ಟಿ ತಟ್ಟಿದಳು.

"ಖಟ್ಟಾ ಬ್ಯಾಳಿ ಇನ್ನೊಂದಿಷ್ಟು ಹಾಕು," ಎಂದರು ಉಸ್ತಾದರು. ಹಾಕಿದಳು.

ಗೋಡೆಯಾಚೆಯ ಯಶೋದಾಬಾಯಿ ಬಟ್ಟೆ ಒಣಹಾಕುತ್ತ ಕೇಳಿದಳು, "ವಜೀರಬಿ ಅಕ್ಕಾ, ನಿಮ್ಮ ಮನ್ಯಾಗ ಸಾಲಿ ಎರಡ ಆದವು ಅಂತಲ್ಲ. ಯಾವುದು ಛಲೋ ಅದ?"

"ಎರಡೂ ಛಲೋ ಅದಾವ್ರಿ. ಎರಡಕ್ಕೂ ಹುಡುಗಿ ಒಬ್ಬಾಕೀನ, ಅಷ್ಟ."

ಅಷ್ಟಾದರೂ, ಎರಡು ಎತ್ತು ಎರಡು ದಿಕ್ಕಿಗೆ ಎಳೆದರೂ, ಬಂಡಿ ಹೇಗೋ ಮುಂದೆ ಹೋಯಿತು. ಇಬ್ಬರೂ ಇಲ್ಲದ ಹೊತ್ತಿನಲ್ಲಿ ಅಕ್ಕಿ ಆರಿಸುವ ಮೊರದ ಪಕ್ಕ ಸಿಪಾರಾ ಇಟ್ಟುಕೊಂಡು ವಜೀರಬಿ ತನ್ನದೇ ಒಂದು ರೀತಿ ಮಾಡಿಕೊಂಡಳು: ಬರದ ಶಬ್ದಕ್ಕೆ ಬಿಡಿಸುವುದು, ಬಂದ ಶಬ್ದಕ್ಕೆ ನೇರ. ನಲವತ್ತರ ದಿನದ ಹಿಂದಿನ ಸಂಜೆ ಸಿಪಾರಾ ಮೊದಲಿನಿಂದ ಕಡೆಯವರೆಗೆ ಮುಗಿಯಿತು. ತಡವರಿಸಿದ್ದು ಹೊಳೆಯ ಕಲ್ಲುಗಳಷ್ಟು, ಆದರೂ ದಂಡೆ ಸೇರಿದಳು. ಯಾರಿಗೂ ಹೇಳಲಿಲ್ಲ. ಹೊಸ ಸೀರೆಗೆ ಇಸ್ತ್ರಿ ಮಾಡಿಟ್ಟಳು.

ಹುಮನಾಬಾದಿನಲ್ಲಿ ಮುನ್ನಿ ಬೀಯ ಮಗ ಪೀರ್ ಪಾಷಾ ಅಂಗಳದ ತುಂಬ ಚಾಪೆ ಹಾಸಿದ್ದ. ಬಗಾರಾ ಅನ್ನ ಮತ್ತು ದಾಲ್ಚಾದ ಘಮ ಗಂಜ್ ಮಾರುಕಟ್ಟೆಯ ಹಮಾಲರನ್ನೂ ಕೆಲಸ ಬಿಡಿಸಿ ಎಳೆದು ತರುವಂತಿತ್ತು. ಗಂಡಸರು ಹೊರಗಿನ ಪಡಸಾಲೆಯಲ್ಲಿ, ಹೆಂಗಸರು ಒಳಗೆ, ನಡುವೆ ಒಂದು ಹೂವಿನ ಪರದೆ. ಉಸ್ತಾದರು ಪರದೆಗೆ ಒರಗಿದ ಜಾಗವನ್ನೇ ಆರಿಸಿ ಕೂತರು. ಅವರ ನೆರಳು ಪರದೆಯ ಮೇಲೆ ಬಿದ್ದಿತ್ತು.

ಸಿಮ್ರಾನ್ ಕಡೆಯ ಸಿಪಾರಾ ಹುಡುಕಿ ಅತ್ತೆಯ ಕೈಗೆ ಕೊಟ್ಟಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದು ಸಿಮ್ರಾನಳ ತವರೂರು, ಎದುರಿಗೆ ಅವಳಿಗೆ ಕಲಿಸಿದ ಮದರಸಾದ ಮೇಡಂ ಕೂತಿದ್ದರು.

"ಮೇಡಂ, ನಮ್ಮ ಅತ್ತಿ ಓದೋದು ಕೇಳ್ರಿ ಇವತ್ತ," ಎಂದಳು. "ಇವರಿಗಿ ಅಲಿಫ್ ಸುದ್ದಾ ಬರ್ತಿರಲಿಲ್ಲ. ಇಷ್ಟು ವರ್ಷ ಸಿಪಾರಾ ಹಿಡಕೊಂಡು ಬರೇ ಅಲ್‌ಹಮ್ದು ಅಂತಿದ್ರು, ಪಾಪ. ನಾ ಕಲಿಸಿದೆ. ನಲವತ್ತು ದಿನದಾಗ."

ಓದುತ್ತಿದ್ದ ತುಟಿಗಳು ನಿಂತವು. ಅಷ್ಟು ಹೆಂಗಸರು ಒಟ್ಟಿಗೆ ಮೌನವಾದದ್ದು ಹುಮನಾಬಾದಿನ ಚರಿತ್ರೆಯಲ್ಲೇ ಮೊದಲು. ಪೀರ್ ಪಾಷಾನ ಅತ್ತೆ ಖೈರುನ್ ಬೀ ತನ್ನ ಪುಸ್ತಕ ಮುಚ್ಚಿದಳು.

"ನಮ್ಮ ಅತ್ತಿ ತೀರಿಕೊಂಡಾಗ ನಿನಗ ಸತ್ತವರಿಗಂತ ಓದೋ ಯಾಸೀನ್ ಸೂರಾ ಇದ್ದ ಸಿಪಾರಾ ಕೊಟ್ಟಿದ್ದೆ, ವಜೀರಬಿ. ಉಸ್ತಾದನ ಹೆಂಡ್ತಿ ಅಂತ. ಅದೂ ಹಿಂಗs ಏನು?"

ವಜೀರಬಿ ಸೆರಗು ಹಣೆಯವರೆಗೆ ಎಳೆದುಕೊಂಡಳು.

"ನಮ್ಮ ಯಜಮಾನರಿಗೂ ಈಕೀನ ಓದಿದ್ದಳು," ಎಂದಳು ಇನ್ನೊಬ್ಬಳು.

"ನನ್ನ ಕೂಸು ಹೋದಾಗ ಓದಾಕ ಬಂದಿದ್ದಿ ನೀನು," ಎಂದಳು ಮೂಲೆಯಿಂದ ಒಬ್ಬಳು ಎಳೆಯ ಹೆಂಗಸು. ಅವಳು ಸಿಟ್ಟು ಮಾಡಲಿಲ್ಲ. ಅಷ್ಟೇ ಹೇಳಿ ಮುಖ ತಿರುಗಿಸಿದಳು.

ಸಿಮ್ರಾನಳಿಗೆ ಆಗ ತಿಳಿಯಿತು, ತಾನೇನು ಮಾಡಿದೆ ಎಂದು. ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಆಚೆಯಿಂದ, ಕೆರೆ ದಾಟುವ ಆ ದನಿ ಬಂತು.

"ಕಲಿಸಿದಾಂವ ನಾನು. ಆಕಿ ಅಲ್ಲ. ಆಕಿ ಕಲಿಸಿದ್ದರಾಗ ಅರ್ಧ ತಪ್ಪಿದ್ದವು, ನಾ ದಿನಾ ಮುಂಜಾನಿ ಕುಂದ್ರಿಸಿ ತಿದ್ದೀನಿ. ವಜೀರಾ, ಓದು. ಬಿಡಿಸಿ ಓದು."

"ನೇರ ಓದ್ರಿ ಅಮ್ಮಿ," ಎಂದು ಸಿಮ್ರಾನ್ ಪಿಸುಗುಟ್ಟಿ, ಮೊದಲ ಶಬ್ದದ ಕೆಳಗೆ ತನ್ನ ಬೆರಳಿಟ್ಟಳು.

"ಓದವಾ, ಕೇಳೋಣ," ಎಂದಳು ಖೈರುನ್ ಬೀ. "ನಮ್ಮ ಸತ್ತವರಿಗಂತೂ ಮುಟ್ಟಲಿಲ್ಲ. ನಿಮ್ಮ ಅಕ್ಕಗರ ಮುಟ್ಟಲಿ."

ವಜೀರಬಿ ಪುಟ ನೋಡಿದಳು. ಅಕ್ಷರಗಳು ಯಾವತ್ತೂ ಅಷ್ಟು ಸ್ವಚ್ಛವಾಗಿ ಕಂಡಿರಲಿಲ್ಲ. ಒಂದೊಂದೂ ಹೆಸರು ಹಿಡಿದು ಕರೆದರೆ ಎದ್ದುಬರುವ ಹಾಗಿತ್ತು. ಪರದೆಯ ಮೇಲಿನ ನೆರಳು ಕಿವಿ ಚಾಚಿತ್ತು. ಸೊಸೆಯ ಬೆರಳು ಅಲ್ಲೇ ಇತ್ತು, ಉಗುರಿಗೆ ಮೆಹಂದಿಯ ಬಣ್ಣ. ಆಕೆ ಆ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ನಡುವಿನ ದಿಂಬಿನ ಮೇಲೆ ಇಟ್ಟಳು.

"ನನಗ ಓದಾಕ ಬರಂಗಿಲ್ಲ," ಎಂದಳು. "ಯಾರೂ ಕಲಿಸಿಲ್ಲ."

ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಬೇಳೆ ಬೇಯಿಸಿದ ದೊಡ್ಡ ಪಾತ್ರೆಗಳು ತೊಳೆಯುವುದಕ್ಕೆ ಬಿದ್ದಿದ್ದವು. ಸೀರೆ ಎತ್ತಿ ಕಟ್ಟಿ ಕೂತಳು. ಬಿಟ್ಟುಬಂದ ಸಿಪಾರಾವನ್ನು ಖೈರುನ್ ಬೀ ತಗೊಂಡು, ಬಿರುಗಾಳಿಯ ವೇಗದಲ್ಲಿ ಓದಿ ಮುಗಿಸಿ, ಊಟಕ್ಕೆ ಎದ್ದಳು.

ಬಸ್ಸಿನಲ್ಲಿ ಉಸ್ತಾದರು ಮುಂದಿನ ಸೀಟಿನಲ್ಲಿ ಕೂತು ಒಮ್ಮೆಯೂ ಹಿಂತಿರುಗಲಿಲ್ಲ. ಸಿಮ್ರಾನ್ ರಾಜೇಶ್ವರದ ನಿಲ್ದಾಣ ದಾಟುವವರೆಗೆ ಅತ್ತಳು.

"ನನ್ನ ತಪ್ಪಾತ್ರಿ ಅಮ್ಮಿ. ಆದರ ನೀವು ಸುಳ್ಳು ಯಾಕ ಹೇಳಿದ್ರಿ? ಬರತದಲ್ಲ ನಿಮಗ. ನನ್ನ ಮೇಡಂ ಮುಂದ ನಾ ಸುಳ್ಳಗಿತ್ತಿ ಆದೆ."

"ಹೌದಬೇ," ಎಂದಳು ವಜೀರಬಿ.

"ಹೌದಂದ್ರ?"

"ಹೌದಂದ್ರ ಹೌದು. ಕಣ್ಣು ಒರಸ್ಕೋ, ಊರು ಬಂತು."

ಎರಡು ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮೂರನೆಯ ದಿನ, ಶುಕ್ರವಾರ, ನಮಾಜು ಮುಗಿಸಿ ಬಂದ ಉಸ್ತಾದರು ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕೂತರು. ಅಜೀಮನಿಗೆ ರಜೆ ಇತ್ತು. ಸಿಮ್ರಾನ್ ತಾನು ತಟ್ಟಿದ ರೊಟ್ಟಿ ತಂದು ಮಾವನ ಮುಂದಿಟ್ಟು ಹಿಂದೆ ಸರಿಯಹೋದಳು.

"ಕೂಡು ಬೇಟಿ, ನೀನೂ ಉಣ್ಣು," ಎಂದರು ಉಸ್ತಾದರು. ರೊಟ್ಟಿ ಮುರಿದರು. "ನೀ ಭಾಳ ಮೆಹನತ್ ಮಾಡಿದಿ. ನಾ ನೋಡೀನಿ. ಅಲ್ಲಾಹ ನಿನಗ ಅದರ ಸವಾಬು ಕೊಡತಾನ."

ಸಿಮ್ರಾನಳ ಕಣ್ಣು ತುಂಬಿತು. "ನನ್ನದೇನದ ಅಬ್ಬಾ. ನೀವು ತಿದ್ದಿದ್ದಕ್ಕ ಅಷ್ಟರ ಬಂತು. ನಿಮ್ಮ ಮುಂದ ನಾ ಎಷ್ಟರಾಕಿ."

"ಹಂಗಲ್ಲ, ಹಂಗಲ್ಲ. ನಿನ್ನ ಉಚ್ಚಾರ ನನ್ಕಿಂತ ಛಲೋ ಅದ. ಹೇಳ್ಬೇಕಾದ್ದು ಹೇಳಬೇಕು."

"ಅಯ್ಯೋ, ಇಲ್ರಿ ಅಬ್ಬಾ."

ಇಬ್ಬರೂ ತಲೆ ಬಗ್ಗಿಸಿದರು. ಅಂಥ ವಿನಯ ಬಸವಕಲ್ಯಾಣ ನೋಡಿರಲಿಲ್ಲ. ಇನ್ನೊಂದು ಗೇಣು ಬಗ್ಗಿದ್ದರೆ ಹಣೆ ಹಣೆ ಬಡಿಯುತ್ತಿದ್ದವು.

"ಆಕಿ ತಲಿಗಿ ಹತ್ತಂಗಿಲ್ಲ, ಏನು ಮಾಡೋದು," ಎಂದರು ಉಸ್ತಾದರು, ಅಡುಗೆಮನೆಯ ಕಡೆ ಗದ್ದ ತೋರಿಸಿ. "ಆವಾಗೂ ಹತ್ತಲಿಲ್ಲ."

"ಕಲಿಸಿದೋರ ಉಪಕಾರರ ನೆನೀಬೇಕಿತ್ರಿ," ಎಂದಳು ಸಿಮ್ರಾನ್. "ಅಷ್ಟು ಜನದಾಗ ಹಂಗ ಅಂದುಬಿಟ್ರು."

ಅಜೀಮ್ ದೊಡ್ಡ ಉಸಿರು ಬಿಟ್ಟ. "ಆತು ಬಿಡ್ರಿ. ಮನ್ಯಾಗ ಶಾಂತಿ ಬಂತು. ಅಮ್ಮಿ, ಬ್ಯಾಳಿ ತಗೊಂಡು ಬಾ."

ವಜೀರಬಿ ಬೇಳೆ ತಂದಳು. ಮೊದಲು ಗಂಡನಿಗೆ, ಆಮೇಲೆ ಮಗನಿಗೆ, ಆಮೇಲೆ ಸೊಸೆಗೆ ಬಡಿಸಿದಳು. ಯಾರೂ ತಲೆಯೆತ್ತಿ ನೋಡಲಿಲ್ಲ. ಸಿಮ್ರಾನ್ ಮಾತ್ರ, "ಸಾಕ್ರಿ ಅಮ್ಮಿ" ಎಂದಳು.

ಅವರು ಉಣ್ಣುತ್ತಿದ್ದಾಗ ಆಕೆ ಒಳಗೆ ಹೋಗಿ ಕೈ ತೊಳೆದಳು. ಮುಖ, ಕಾಲು ತೊಳೆದು ವಜೂ ಮಾಡಿ, ಒಲೆಗೆ ಬೆನ್ನು ಹಾಕಿ ಕೂತಳು. ಸಿಪಾರಾ ತೆರೆದು ಮೊದಲ ಸಾಲು ಓದಿದಳು. ಎರಡನೆಯದು. ಮೂರನೆಯದರಲ್ಲಿ ಒಂದು ಶಬ್ದಕ್ಕೆ ನಿಂತು, ಬಿಡಿಸಿ, ಮತ್ತೆ ಹಿಡಿದಳು. ದನಿ ತನಗರಿಯದೆ ಸ್ವಲ್ಪ ಏರಿತು.

"ಒಳಗ ಯಾರ ಜೋಡಿ ಮಾತಾಡಾಕತ್ತಿ?" ಎಂದರು ಉಸ್ತಾದರು ಪಡಸಾಲೆಯಿಂದ.

ವಜೀರಬಿ ಪುಸ್ತಕ ಮುಚ್ಚಿದಳು.

"ಯಾರ ಜೋಡೀನೂ ಇಲ್ರಿ."

"ಹಂಗಾರ ಇನ್ನೊಂದು ರೊಟ್ಟಿ ತಗೊಂಡು ಬಾ. ಬಿಸೀದು."

ಆಕೆ ಎದ್ದು ಹಂಚಿನ ಕೆಳಗಿನ ಉರಿ ಹೆಚ್ಚಿಸಿದಳು. ಮುನ್ನಿ ಬೀಗೆ ಅಂದು ಮುಟ್ಟಿದ್ದು ಮೂರು ಸಾಲು.